ಮೇಟ್ರನಮ್ಮನ ತಪಾಸಣೆ

ಆ ಬೀದಿಗೆ ಕಾಲಿಟ್ಟೊಡನೆ ಮೇಟ್ರನಮ್ಮನಿಗೆ ಇರುಸುಮುರುಸಾದದ್ದು ಅಲ್ಲಿ ವಾಸನೆಯೇ ಇಲ್ಲದ್ದಕ್ಕೆ. ಬೀದಿ ಎಂದಮೇಲೆ ಏನಾದರೊಂದು ಮೂಗಿಗೆ ಬಡಿಯಬೇಕು. ಕರಿದ ಎಣ್ಣೆ, ಕೊಳೆತ ಹಣ್ಣು, ಒದ್ದೆ ನಾಯಿ, ಕೊನೆಗೆ ಬೆವರಿದ ಮನುಷ್ಯರಾದರೂ. ಇಲ್ಲಿ ಗಾಜಿನ ಬಾಗಿಲು ತೆರೆದಾಗಲೆಲ್ಲ ತಣ್ಣನೆಯ ಗಾಳಿ ಹೊರಬಂದು, ಹೂವಿನದೂ ಅಲ್ಲದ ಹಣ್ಣಿನದೂ ಅಲ್ಲದ ಒಂದು ಪರಿಮಳವನ್ನು ದಾರಿಹೋಕರ ಮುಖಕ್ಕೆ ಒರೆಸಿ ಹೋಗುತ್ತಿತ್ತು. ವಾಸನೆ ಮುಚ್ಚಲು ಇಷ್ಟೊಂದು ಹೆಣಗಾಡುವ ಕಡೆ ಎಲ್ಲೋ ಏನೋ ಕೊಳೆಯುತ್ತಿರಲೇಬೇಕು ಎಂಬುದು ಅವರ ನಂಬಿಕೆ. ಅರ್ಧ ಆಯುಷ್ಯವನ್ನು ಆಸ್ಪತ್ರೆಯಲ್ಲಿ ಕಳೆದವರಿಗೆ ಇಂಥ ನಂಬಿಕೆಗಳು ಬಂದುಬಿಡುತ್ತವೆ.

ದೊಡ್ಡಾಸ್ಪತ್ರೆಯ ದಾದಿಯರಿಗೆಲ್ಲ ಮೇಲಧಿಕಾರಿಯಾಗಿ ದುಡಿದು ನಿವೃತ್ತರಾದವರು ಅವರು. ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿಲ್ಲ. ತರಕಾರಿಯವನಿಂದ ಹಿಡಿದು ಎದುರುಮನೆಯ ವಕೀಲರವರೆಗೆ ಎಲ್ಲರಿಗೂ ಮೇಟ್ರನಮ್ಮ. ಅವರನ್ನು ನಿವೃತ್ತಿಗೊಳಿಸಿದ ಸರ್ಕಾರ ಅವರ ಬಲಗೈ ತೋರುಬೆರಳನ್ನು ನಿವೃತ್ತಿಗೊಳಿಸುವುದನ್ನು ಮರೆತಿತ್ತು. ಯಾರ ಮನೆಗೆ ಹೋಗಲಿ, ಆ ಬೆರಳು ತನ್ನಷ್ಟಕ್ಕೆ ತಾನು ಬಾಗಿಲ ಚೌಕಟ್ಟಿನ ಮೇಲೋ ಕಪಾಟಿನ ಹಿಂದೋ ಸವರಿ ಬರುತ್ತಿತ್ತು. ಆಮೇಲೆ ಅವರು ಬೆರಳ ತುದಿಯನ್ನು ನೋಡುವರು, ಮನೆಯೊಡತಿಯನ್ನು ನೋಡುವರು. ಮಾತಾಡುವುದಿಲ್ಲ. ಎಷ್ಟೋ ನೆಂಟಸ್ತಿಕೆಗಳು ಆ ಎರಡು ನೋಟಗಳ ನಡುವೆ ಮುಗಿದುಹೋಗಿದ್ದವು.

ಜೊತೆಗಿದ್ದ ತಂಗಿ ಬೇರೆಯೇ ಜಾತಿಯ ಜೀವ. ಕೂದಲು ಪೂರಾ ಬೆಳ್ಳಗಾದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿಯಾಗಿ ಉಳಿದಿದ್ದ ಅವಳಿಗೆ ಲೋಕದಲ್ಲಿ ಚೆನ್ನಾಗಿಲ್ಲದ್ದು ಯಾವುದೂ ಇರಲಿಲ್ಲ. ಒಂದು ಅಂಗಡಿಯ ಗಾಜಿನ ಹಿಂದೆ, ಅಮೃತಶಿಲೆಯ ಕಂಬದ ಮೇಲೆ, ದೀಪದ ಬೆಳಕಿನಲ್ಲಿ ಒಂಟಿ ಚಪ್ಪಲಿಯೊಂದು ಕೂತಿತ್ತು. ಪುಟ್ಟಿ ನಿಂತೇಬಿಟ್ಟಳು.

“ಇನ್ನೊಂದು ಎಲ್ಲಕ್ಕಾ?”

“ಒಂಟಿ ಕಾಲಿನವರ ಅಂಗಡಿ ಇರ್ಬೇಕು. ಗೊತ್ತಿದ್ರೆ ನಮ್ಮ ಮೂಳೆ ವಾರ್ಡಿನವರನ್ನ ನೆಟ್ಟಗೆ ಇಲ್ಲಿಗೇ ಕಳಿಸ್ತಿದ್ದೆ.”

ಮುಂದಿನ ಅಂಗಡಿಯಲ್ಲಿ ಮೈದಾನದಂಥ ಕೋಣೆಗೆ ಎರಡೇ ಅಂಗಿ ನೇತುಬಿದ್ದಿದ್ದವು. ಪಾಪ, ಸಾಮಾನೆಲ್ಲ ಖಾಲಿಯಾಗಿ ದಿವಾಳಿ ಎದ್ದಿರಬೇಕು ಎಂದು ಪುಟ್ಟಿ ಮರುಗಿದಳು. ಮಗುವಿನ ತಳ್ಳುಗಾಡಿಯಲ್ಲಿ ಉಣ್ಣೆಯ ಅಂಗಿ ತೊಟ್ಟು ಮಲಗಿದ್ದ ನಾಯಿಯೊಂದನ್ನು ಹೆಂಗಸೊಬ್ಬಳು ತಳ್ಳಿಕೊಂಡು ಬಂದಳು; ಅವಳ ಹಿಂದೆ ಅವಳ ಸ್ವಂತ ಮಗು ಬರಿಗಾಲಿನಲ್ಲಿ ಅಳುತ್ತ ನಡೆದುಬರುತ್ತಿತ್ತು. ಬೀದಿಯುದ್ದಕ್ಕೂ ಕಲ್ಲಿನ ಬೆಂಚುಗಳಿದ್ದವು. ಆದರೆ ಯಾರೂ ಹೆಚ್ಚು ಹೊತ್ತು ಕೂರದಿರಲೆಂದು ಅವನ್ನು ಇಳಿಜಾರಾಗಿ ಕಡೆಸಿದ್ದರು. ಕೂತವರು ಕ್ಷಣದಲ್ಲಿ ಜಾರಿ ಎದ್ದು ಯಾವುದಾದರೂ ಅಂಗಡಿ ಹೊಗಬೇಕು, ಅಷ್ಟೆ. ಬೆಂಚು ಮಾಡಿಸುವುದು, ಕೂರದ ಹಾಗೆ ಮಾಡಿಸುವುದು. ಇದಕ್ಕೂ ಒಬ್ಬ ತಲೆ ಕೆಡಿಸಿಕೊಂಡು ನಕ್ಷೆ ಬರೆದು ಸಂಬಳ ತೆಗೆದುಕೊಂಡಿರುತ್ತಾನಲ್ಲ ಎಂದು ಮೇಟ್ರನಮ್ಮ ಮೂಗು ಮುರಿದರು.

ಇಷ್ಟು ಹೇಸಿಗೆಪಟ್ಟುಕೊಳ್ಳುವವರು ಇಲ್ಲಿಗೆ ಬಂದದ್ದಾದರೂ ಯಾಕೆ ಎಂದರೆ, ಪುಟ್ಟಿಯ ಮಗಳು ಇಲ್ಲೊಂದು ಚೀಲದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಂದೆಯಿಲ್ಲದ ಹುಡುಗಿ. ಅಮ್ಮನ ಜೊತೆ ದೊಡ್ಡಮ್ಮನ ಕ್ವಾರ್ಟರ್ಸಿನಲ್ಲೇ, ಡೆಟಾಲಿನ ವಾಸನೆಯಲ್ಲೇ ಬೆಳೆದವಳು. ಮನೆಯಲ್ಲಿ ಅವಳಿಗೆ ಮರಿ ಎಂದು ಹೆಸರು. ಮರಿ ನರ್ಸಿಂಗ್ ಓದಬೇಕು, ತಮ್ಮ ಹಾಗೆ ಒಂದು ದಿನ ಆಸ್ಪತ್ರೆ ಆಳಬೇಕು ಎಂಬುದು ಮೇಟ್ರನಮ್ಮನ ಹಟ. ನರ್ಸಿಂಗ್ ಶಾಲೆಯ ಪ್ರಿನ್ಸಿಪಾಲಳಾಗಿದ್ದ ಹಳೆಯ ಗೆಳತಿಗೆ ಹೇಳಿ ಒಂದು ಸೀಟನ್ನೂ ಹಿಡಿದಿಡಿಸಿದ್ದರು. ಮರಿ ಮಾತ್ರ ಕ್ಯಾರೇ ಎನ್ನಲಿಲ್ಲ. ಕಂಡವರ ಹುಣ್ಣು ತೊಳೆಯುವುದಕ್ಕಿಂತ ಕಂಡವರಿಗೆ ಚೀಲ ಮಾರುವುದು ಮೇಲು ಎಂದು ಹೇಳಿ, ಹಂಗಾಮಿ ಕೆಲಸಕ್ಕೆ ಸೇರಿಯೇಬಿಟ್ಟಿದ್ದಳು. ಮನೆಯಲ್ಲಿ ವಾರಗಟ್ಟಲೆ ಮಾತು ನಿಂತುಹೋಯಿತು. ಕೊನೆಗೆ ಊಟದ ಮೇಜಿನಲ್ಲಿ ಒಂದು ರಾಜಿಯಾಯಿತು: ಈ ತಿಂಗಳ ಕೊನೆಗೆ ಅಂಗಡಿಯವರು ಕಾಯಂ ಮಾಡಿಕೊಂಡರೆ ದೊಡ್ಡಮ್ಮ ಬಾಯಿಗೆ ಬೀಗ ಹಾಕಿಕೊಳ್ಳಬೇಕು, ಮಾಡಿಕೊಳ್ಳದಿದ್ದರೆ ಮರಿ ತುಟಿಪಿಟಕ್ ಎನ್ನದೆ ನರ್ಸಿಂಗ್ ಶಾಲೆಗೆ ಹೋಗಬೇಕು.

ಕಾಯಂ ಆಗುವ ಬಗೆಯನ್ನೂ ಮರಿಯೇ ಒಂದು ದಿನ ನಗುತ್ತ ವಿವರಿಸಿದ್ದಳು. ಮುಖ್ಯ ಕಚೇರಿಯಿಂದ ಯಾರೋ ಒಬ್ಬರು ಗಿರಾಕಿಯ ವೇಷದಲ್ಲಿ ಬರುತ್ತಾರಂತೆ. ಯಾರು, ಯಾವಾಗ ಎಂದು ಮ್ಯಾನೇಜರಿಗೂ ತಿಳಿಯದು. ಬಂದವರು ಅಂಗಡಿಯನ್ನೂ ಹುಡುಗಿಯರನ್ನೂ ಅಳೆದು ಹೋಗಿ ಮೇಲಿನವರಿಗೆ ವರದಿ ಒಪ್ಪಿಸುತ್ತಾರೆ. ಹಾಗಾಗಿ ಈ ತಿಂಗಳು ಅಂಗಡಿಗೆ ನೊಣ ಬಂದರೂ ಮ್ಯಾನೇಜರು ಎದ್ದು ನಿಲ್ಲುತ್ತಾನಂತೆ. ಇಷ್ಟು ಹೇಳಿ, ನೀವಿಬ್ಬರೂ ಆ ಕಡೆ ತಲೆಹಾಕಬಾರದು, ಮನೆಯವರು ಬಂದರೆ ಕೆಲಸದವರ ಮೇಲೆ ಕಪ್ಪುಚುಕ್ಕೆ ಬೀಳುತ್ತದೆ ಎಂದು ಎಚ್ಚರಿಸಿದ್ದಳು. ಪುಟ್ಟಿಗೆ ಆ ರಾತ್ರಿಯಿಂದಲೇ ಮಗಳು ಕೆಲಸ ಮಾಡುವುದನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬ ಚಡಪಡಿಕೆ ಹತ್ತಿತು. ಮೇಟ್ರನಮ್ಮನಿಗೂ ತಮ್ಮ ಆಸ್ಪತ್ರೆಯನ್ನು ಬಿಟ್ಟು ಹುಡುಗಿ ಆರಿಸಿಕೊಂಡ ಸಿಂಹಾಸನ ಎಂಥದ್ದು ಎಂದು ನೋಡುವುದಿತ್ತು.

ಬಾಗಿಲ ಬಳಿ ಅವರು ತಂಗಿಗೆ ಕೊನೆಯ ಸಲ ಪಾಠ ಹೇಳಿದರು. “ಅವಳು ನಮಗೆ ಯಾರೂ ಅಲ್ಲ. ನಾವು ಅವಳಿಗೆ ಯಾರೂ ಅಲ್ಲ. ತಿಳೀತಾ? ಹಲ್ಲು ಬಿಡಬೇಡ.”

ಪುಟ್ಟಿ ತಲೆಯಾಡಿಸಿ ಹಲ್ಲು ಮುಚ್ಚಿಕೊಂಡಳು.

ಒಳಗೆ ವಾರ್ಡಿನಷ್ಟು ಉದ್ದದ ಕೋಣೆ. ಗೋಡೆಗುಂಟ ಬೆರಳೆಣಿಕೆಯಷ್ಟು ಚೀಲಗಳು. ಒಂದೊಂದು ಚೀಲಕ್ಕೂ ಒಂದೊಂದು ಮಖಮಲ್ಲಿನ ಗಾದಿ, ತಲೆಯ ಮೇಲೊಂದು ಪುಟ್ಟ ದೀಪ. ಆಸ್ಪತ್ರೆಯಲ್ಲಿ ಇಬ್ಬರು ಬಾಣಂತಿಯರನ್ನು ಒಂದೇ ಮಂಚದಲ್ಲಿ ಮಲಗಿಸಿ ಬಂದಿದ್ದ ಮೇಟ್ರನಮ್ಮನಿಗೆ ಆ ಚೀಲಗಳ ಸುಖ ನೋಡಿ ಮೈ ಉರಿಯಿತು. ಗಾದಿಗಳ ನಡುವೆ ಕಪ್ಪು ಉಡುಪಿನ ಹುಡುಗಿಯರು ಪಾದ ಜೋಡಿಸಿ ನಿಂತಿದ್ದರು. ಕುರ್ಚಿಯೆಂಬುದು ಕಣ್ಣಿಗೆ ಬೀಳುವಲ್ಲಿ ಇರಲಿಲ್ಲ. ಮೇಟ್ರನಮ್ಮ ಮುಖ ನೋಡುವ ಮೊದಲು ಕಾಲು ನೋಡುವವರು. ಅಲ್ಲಿದ್ದ ಕಣಕಾಲುಗಳೆಲ್ಲ ಸಂಜೆಗೆ ಮುಂಚೆಯೇ ಊದಿಕೊಂಡಿದ್ದವು.

ಮರಿ ಒಳಗಿನ ಮೂಲೆಯಲ್ಲಿದ್ದಳು. ಕೂದಲನ್ನು ಬಿಗಿಯಾಗಿ ಹಿಂದಕ್ಕೆಳೆದು ಕಟ್ಟಿ, ಗದ್ದವನ್ನು ಕೊಂಚ ಮೇಲೆತ್ತಿ, ಯಾವುದೋ ನಾಣ್ಯದ ಮೇಲೆ ಅಚ್ಚಾದವಳ ಹಾಗೆ ನಿಂತಿದ್ದಳು. ಅಮ್ಮನನ್ನು ಕಂಡಳು. ಹುಬ್ಬು ಅಲುಗಲಿಲ್ಲ. ಕಣ್ಣು ಮೊದಲು ಅಮ್ಮನ ಸವೆದ ಚಪ್ಪಲಿಗೆ ಹೋಯಿತು, ಅಲ್ಲಿಂದ ಕೈಯಲ್ಲಿದ್ದ ಬಟ್ಟೆಯ ಚೀಲಕ್ಕೆ ಬಂತು. ಆಮೇಲೆ ಅಮ್ಮನ ಭುಜ ದಾಟಿ ಹಿಂದಿನ ಗೋಡೆಯಲ್ಲಿ ನೆಲೆಸಿತು, ನಡುವೆ ಯಾರೂ ಇಲ್ಲವೇನೋ ಎಂಬಂತೆ.

ಬೆಳಗಿನಿಂದ ಗುರುತಿಲ್ಲದ ಮುಖ ಮಾಡುವುದನ್ನು ಅಭ್ಯಾಸ ಮಾಡಿ ಬಂದಿದ್ದ ಪುಟ್ಟಿಗೆ ಎಲ್ಲ ಮರೆತುಹೋಯಿತು. ಏನಾದರೂ ಮಾತಾಡಿಸಬೇಕೆನಿಸಿ, ಹತ್ತಿರದ ಕೆಂಪು ಚೀಲದತ್ತ ಕೈ ಚಾಚಿದಳು.

“ಮುಟ್ಟಬಾರದು,” ಅಂದಳು ಮರಿ.

“ಬರೀ ನೋಡಬಹುದಾ?”

“ನೋಡ್ತಾನೇ ಇದ್ದೀರಲ್ಲ.”

ಪುಟ್ಟಿ ತನ್ನ ಬಟ್ಟೆಯ ಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಹೆಂಗಸು, ಅಲ್ಲಿಯವರೆಗೂ ಕೊಳ್ಳಲೋ ಬೇಡವೋ ಎಂದು ತೂಗಾಡುತ್ತಿದ್ದವಳು, ಈ ಮುದುಕಿಯ ಸಾಲಿಗೆ ತಾನೂ ಸೇರಿಬಿಟ್ಟರೆ ಎಂದು ಹೆದರಿ ಆ ಕ್ಷಣವೇ ಎರಡು ಚೀಲ ಕಟ್ಟಿಸಿಕೊಂಡಳು. ವ್ಯಾಪಾರದ ಗುಟ್ಟು ಇಷ್ಟೇ ಎಂದು ಮೇಟ್ರನಮ್ಮನಿಗೆ ಹೊಳೆಯಿತು. ಇಲ್ಲಿ ಮಾರುತ್ತಿದ್ದುದು ಚೀಲವಲ್ಲ. ಈ ಹುಡುಗಿಯರ ಕಣ್ಣಲ್ಲಿ ಹುಳುವಾಗದೆ ಹೊರಗೆ ಹೋಗುವ ಪರವಾನಗಿ.

ತಂಗಿ ಹೊರಗೆ ಕಾಯುತ್ತೇನೆಂದು ಸನ್ನೆ ಮಾಡಿ ಹೋದಳು. ಮೇಟ್ರನಮ್ಮ ಹೋಗಲಿಲ್ಲ. ಅವರ ರಕ್ತ ಕುದಿಯುತ್ತಿತ್ತು. ಅವರ ರಕ್ತ ಕುದಿದಾಗಲೆಲ್ಲ ಮುಖ ಇನ್ನಷ್ಟು ತಣ್ಣಗಾಗುತ್ತಿತ್ತು. ಅದು ಹಳೆಯ ರೂಢಿ. ಒಂದು ಗಾದಿಯ ಬಳಿ ಹೋದರು. ಬೆರಳು ತಾನಾಗಿಯೇ ಎದ್ದು, ದೀಪದ ಮೇಲಿನ ಅಂಚನ್ನು ಸವರಿ ಬಂತು. ಅವರು ಬೆರಳ ತುದಿ ನೋಡಿದರು. ಆಮೇಲೆ ತಲೆಯೆತ್ತಿ ಮ್ಯಾನೇಜರನ್ನು ನೋಡಿದರು.

ಮ್ಯಾನೇಜರು ತೆಳ್ಳಗಿನ ಆಸಾಮಿ. ಮೀಸೆ ಇಸ್ತ್ರಿ ಮಾಡಿದಂತಿತ್ತು. ಆ ಬೀದಿಯಲ್ಲಿ ಹೊಟ್ಟೆ ಹೊರೆಯುವವನಿಗೆ ತಿರಸ್ಕಾರದ ತೂಕ ಗೊತ್ತಿರುತ್ತದೆ. ಹೊಸ ದುಡ್ಡಿನವರು ಬಾಯಿ ಬಿಡುತ್ತಾರೆ, ಹಳೆ ದುಡ್ಡಿನವರು ಆಕಳಿಸುತ್ತಾರೆ. ಆದರೆ ಇಷ್ಟೆಲ್ಲ ವೈಭವವನ್ನು ಬೇಸಿನ್ನಿನಲ್ಲಿ ಬಿದ್ದ ವಾಂತಿಯಂತೆ ನೋಡಬಲ್ಲವರು ಮುಖ್ಯ ಕಚೇರಿಯವರೇ ಆಗಿರಬೇಕು. ಈ ನರೆಗೂದಲು, ಈ ಸಾದಾ ಹತ್ತಿಬಟ್ಟೆ, ಕನ್ನಡಿಯಂತೆ ಪಾಲಿಶ್ ಮಾಡಿದ ಈ ಹಳೆಯ ಬೂಟು, ಎಲ್ಲವೂ ವೇಷವೆಂದು ಅವನಿಗೆ ಖಾತ್ರಿಯಾಯಿತು. ಜೊತೆಗೆ ಬಂದ ಮುದುಕಿಯಂತೂ ಹುಡುಗಿಯರನ್ನು ಪರೀಕ್ಷಿಸಲು ಬಾಡಿಗೆಗೆ ತಂದವಳು. ಅವನು ಬೆವರಿದ. ಒಳಗಿಂದ ತನ್ನ ಸ್ವಂತ ಕುರ್ಚಿಯನ್ನು ತರಿಸಿ ಹಾಕಿಸಿದ.

ಮೇಟ್ರನಮ್ಮ ಕೂರಲಿಲ್ಲ. “ಈ ಹುಡುಗಿಯರು ಕೂರೋದು ಯಾವಾಗ?”

“ಕೂರೋದೇ ಇಲ್ಲ ಮೇಡಂ,” ಎಂದ ಅವನು, ಎದೆಯುಬ್ಬಿಸಿ.

“ನಗೋದು?”

“ಅದೂ ಇಲ್ಲ ಮೇಡಂ.”

ಆ ‘ಮೇಡಂ’ನಲ್ಲಿ ಬೆರೆತಿದ್ದ ನಡುಕ ಕೇಳಿದಾಗ ಮೇಟ್ರನಮ್ಮನಿಗೆ ವಿಷಯ ಅರ್ಥವಾಯಿತು. ತಪಾಸಣೆಗೆ ಬಂದವರ ಮುಂದೆ ಜನ ಹೇಗೆ ಉಸಿರಾಡುತ್ತಾರೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನು ನೀವು ಯಾರೆಂದು ಕೇಳಿದ್ದರೆ ಅವರು ಹೇಳಿಬಿಡುತ್ತಿದ್ದರು. ಸುಳ್ಳು ಅವರ ಜಾಯಮಾನವಲ್ಲ. ಅವನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಹಿಂದಿನ ಕೋಣೆ ತೋರಿಸು ಎಂದಷ್ಟೇ ಅಂದರು.

ಹಿಂದಿನ ಕೋಣೆಗೆ ಮುಂದಿನ ಕೋಣೆಯ ತಣ್ಣನೆ ಗಾಳಿ ಬರುತ್ತಿರಲಿಲ್ಲ, ಪರಿಮಳವೂ ಬರುತ್ತಿರಲಿಲ್ಲ. ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಅವುಗಳ ಸಂದಿಯಲ್ಲಿ ಒಂದು ಮುರುಕು ಸ್ಟೂಲು, ಬಾಯಿ ತೆರೆದ ಬಕೆಟ್ಟು, ಮೊಳೆಗೆ ನೇತುಹಾಕಿದ ಹುಡುಗಿಯರ ಮಾಮೂಲಿ ಬಟ್ಟೆಗಳು, ಸಾಲಾಗಿಟ್ಟ ಊಟದ ಡಬ್ಬಿಗಳು. ಮರಿಯ ಡಬ್ಬಿ ಅವರಿಗೆ ಗುರುತು ಸಿಕ್ಕಿತು. ಬೆಳಿಗ್ಗೆ ಮುಚ್ಚಳ ಒತ್ತಿ ಕೊಟ್ಟವರು ತಾವೇ. ಊಟದ ಹೊತ್ತು ದಾಟಿದ್ದರೂ ಅದನ್ನು ಯಾರೂ ತೆರೆದಿರಲಿಲ್ಲ.

ಮ್ಯಾನೇಜರು ದನಿ ತಗ್ಗಿಸಿದ. ಮೇಡಂ ತಪ್ಪು ತಿಳಿಯಬಾರದು, ತಾನು ಏನನ್ನೂ ಕೇಳುತ್ತಿಲ್ಲ, ಕೇಳಬಾರದೆಂದೂ ಗೊತ್ತು. ಆದರೂ ಆ ಮೂಲೆಯ ಹುಡುಗಿಯ ವಿಷಯ ಈ ತಿಂಗಳೇ ತೀರ್ಮಾನ ಆಗಬೇಕು, ಇಟ್ಟುಕೊಳ್ಳುವುದೋ ಕಳಿಸುವುದೋ ತನಗೇ ತಿಳಿಯುತ್ತಿಲ್ಲ, ಮೇಡಂ ಒಂದು ಮಾತು ಅಂದರೆ ದಾರಿಯಾಗುತ್ತದೆ ಎಂದು ಗೋಗರೆದ.

ಮೇಟ್ರನಮ್ಮ ಬಕೆಟ್ಟನ್ನು ನೋಡುತ್ತ ನಿಂತರು. ಒಂದೇ ಮಾತು. ಅಷ್ಟಾದರೆ ಮರಿ ಈ ಗೂಡಿನಿಂದ ಆಚೆ ಬಂದು, ಬಿಳಿ ಉಡುಪು ತೊಟ್ಟು, ಮನುಷ್ಯರ ನಡುವೆ ಮನುಷ್ಯಳಾಗಿ ಇರುತ್ತಾಳೆ. ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದವಳ ಅನ್ನಕ್ಕೆ ಕಲ್ಲು ಹಾಕುವುದೇ ಎಂದು ಒಂದು ಗಳಿಗೆ ಹಿಂಜರಿದರು. ಮರುಗಳಿಗೆಯಲ್ಲಿ ತಂಗಿ ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡದ್ದು ಕಣ್ಣ ಮುಂದೆ ಬಂತು. ಹೇಳುವುದಕ್ಕೆ ಸುಳ್ಳಿನ ಹಂಗೂ ಬೇಕಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಸಾಕಿತ್ತು. ಅವರು ತಮ್ಮ ಸೇವಾವಧಿಯಲ್ಲಿ ಯಾವ ದಾದಿಯ ಮೇಲೂ ಬರೆಯದಷ್ಟು ಕಟುವಾದ ಆರೋಪಪಟ್ಟಿಯನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಒಂದೊಂದೇ ಮಾತು ಎಣಿಸಿಟ್ಟಂತೆ ಹೇಳಿದರು.

“ಎದುರಿಗೆ ನಿಂತಿರೋದು ಮನುಷ್ಯರು ಅನ್ನೋದೇ ಆ ಹುಡುಗಿಗೆ ಕಾಣಿಸೋದಿಲ್ಲ. ಕರುಣೆ ಅನ್ನೋದು ಗುಲಗಂಜಿಯಷ್ಟೂ ಇಲ್ಲ. ಹೆತ್ತ ತಾಯಿ ಬಂದು ನಿಂತರೂ ಕಸ ಕಂಡ ಹಾಗೆ ಕಾಣ್ತಾಳೆ. ನನ್ನ ಸರ್ವೀಸಿನಲ್ಲಿ ಇಂಥವಳನ್ನ ನಾನು ನೋಡಿಲ್ಲ.”

ಮ್ಯಾನೇಜರು ಉಸಿರು ಬಿಗಿಹಿಡಿದು ಕೇಳಿದ. ಅವನ ಮುಖ ಮೆಲ್ಲಗೆ ಅರಳಿತು. ಕಣ್ಣಂಚಿನಲ್ಲಿ ನೀರಾಡಿತು.

“ಇಷ್ಟು ದೊಡ್ಡ ಮಾತು ನಮ್ಮ ಅಂಗಡಿಗೆ ಇವತ್ತಿನವರೆಗೂ ಯಾರೂ ಹೇಳಿರಲಿಲ್ಲ ಮೇಡಂ.”

ಮೇಟ್ರನಮ್ಮನಿಗೆ ತಾವು ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. ಅವನಾಗಲೇ ಕೈ ಹೊಸೆಯುತ್ತ ಸಂಭ್ರಮದಿಂದ ವಿವರಿಸುತ್ತಿದ್ದ. ಉಳಿದ ಹುಡುಗಿಯರನ್ನೂ ತಾನು ಎಷ್ಟೋ ತಿದ್ದಿದ್ದಾನೆ, ಆದರೆ ಯಾರಾದರೂ ವಯಸ್ಸಾದವರು ಬಂದರೆ ಅವರ ಮುಖ ಕರಗಿಬಿಡುತ್ತದೆ, ಒಬ್ಬಳಂತೂ ಮೊನ್ನೆ ಯಾರಿಗೋ ನೀರು ಕೊಟ್ಟುಬಿಟ್ಟಳು. ಇವಳು ಮಾತ್ರ ಹುಟ್ಟಾ ಕಲಾವಿದೆ. ತನಗೇ ಒಮ್ಮೊಮ್ಮೆ ಇವಳ ಎದುರು ಹೋಗುವಾಗ ಚಪ್ಪಲಿ ನೋಡಿಕೊಳ್ಳುವಂತಾಗುತ್ತದೆ.

“ನಾನು ಹೇಳಿದ್ದು ಬೈಗುಳ ಕಣಯ್ಯ,” ಎಂದರು ಮೇಟ್ರನಮ್ಮ.

“ಗೊತ್ತು ಮೇಡಂ.” ಅವನು ವಿನಯದಿಂದ ತಲೆ ಬಾಗಿಸಿ ನಕ್ಕ. “ತಾವು ಹಾಗೆ ಹೇಳಲೇಬೇಕು. ನಿಯಮ ನನಗೂ ಗೊತ್ತು.”

ಆಮೇಲೆ ಅವರು ಏನು ಹೇಳಿದರೂ ಅವನಿಗೆ ಅದು ಒಗಟಿನ ಆಶೀರ್ವಾದವಾಗಿಯೇ ಕೇಳಿಸಿತು. ನಾನು ಆಸ್ಪತ್ರೆಯವಳು ಎಂದರೆ, ಎಂಥ ಸೊಗಸಾದ ವೇಷ ಎಂಬಂತೆ ಕಣ್ಣರಳಿಸಿದ. ಈ ಕೋಣೆ ಹಂದಿಗೂಡು ಎಂದರೆ, ನಾಳೆಯೇ ಬೀಗ ಹಾಕಿಸುತ್ತೇನೆ, ಹುಡುಗಿಯರು ಇನ್ನುಮೇಲೆ ಒಳಗೇ ಬರದಂತೆ ನೋಡಿಕೊಳ್ಳುತ್ತೇನೆ ಎಂದ. ಅಲ್ಲಿಗೆ ಮೇಟ್ರನಮ್ಮ ಬಾಯಿ ಮುಚ್ಚಿದರು. ಇನ್ನೊಂದು ಸುಧಾರಣೆಯನ್ನು ಆ ಹುಡುಗಿಯರ ಕಾಲುಗಳು ತಡೆದುಕೊಳ್ಳುವಂತಿರಲಿಲ್ಲ. ಹೊರಡುವಾಗ ಅವರು ಆ ಮೂಲೆಯತ್ತ ನೋಡಿದರು. ಮರಿಯ ಕಣ್ಣು ಅವರ ಬೂಟಿಗೆ ಬಂತು, ಕೈಗೆ ಬಂತು, ಭುಜ ದಾಟಿ ಗೋಡೆಗೆ ಹೋಯಿತು.

ಹೊರಗೆ ಪುಟ್ಟಿ ಇಳಿಜಾರು ಬೆಂಚಿನ ಮೇಲೆ ಎರಡೂ ಕಾಲು ಊರಿ, ಜಾರದ ಹಾಗೆ ಹಟ ಹಿಡಿದು ಕೂತಿದ್ದಳು. ಅತ್ತಿರಬೇಕೆಂದು ಮೇಟ್ರನಮ್ಮ ಎಣಿಸಿದ್ದರು. ಅವಳು ಅತ್ತಿರಲಿಲ್ಲ.

“ಎಷ್ಟು ಚೆನ್ನಾಗಿ ಮಾಡಿದ್ಲು ಅಲ್ವಾ ಅಕ್ಕ? ನನಗೇ ಒಂದು ಕ್ಷಣ ಅನುಮಾನ ಬಂತು, ಇವಳು ನನ್ನ ಮಗಳೇನಾ ಅಂತ.”

“ನಿನಗೆ ಮಾನ ಮರ್ಯಾದೆ ಏನಾದ್ರೂ ಇದೆಯಾ?”

“ಮಗಳ ಹತ್ರ ಎಂಥ ಮಾನ?” ಎಂದು ಪುಟ್ಟಿ ಎದ್ದು ಬಟ್ಟೆ ಕೊಡವಿಕೊಂಡಳು.

ಬಾಯಾರಿಕೆಯಾಗಿತ್ತು. ಆ ಬೀದಿಯಲ್ಲಿ ಕುಡಿಯುವ ನೀರಿಗೂ ಗಾಜಿನ ಬಾಗಿಲು ದಾಟಿ ಹೋಗಬೇಕಿತ್ತು. ಇಬ್ಬರೂ ಪಕ್ಕದ ಓಣಿಗೆ ತಿರುಗಿದರು. ಅಲ್ಲಿ ಕೊನೆಗೂ ವಾಸನೆಯಿತ್ತು: ಒದ್ದೆ ಗೋಣಿಚೀಲದ್ದು, ಕಿತ್ತಳೆ ಸಿಪ್ಪೆಯದು. ಹಣ್ಣಿನ ರಸ ಮಾರುವವನ ಗೂಡಂಗಡಿಯ ಮುಂದೆ ಮರದ ಬೆಂಚೊಂದು ಬೆಂಚಿನ ಹಾಗೆಯೇ ಮಟ್ಟಸವಾಗಿತ್ತು. ಕೂತು ಲೋಟ ಕೈಗೆ ಬರುವ ಮೊದಲೇ ಪುಟ್ಟಿಯ ಫೋನು ಅರಚಿಕೊಂಡಿತು. ಮರಿ. ಕಾಯಂ ಆಯಿತಂತೆ. ಮ್ಯಾನೇಜರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದನಂತೆ. ಪುಟ್ಟಿ ಅಲ್ಲೇ ಕೂತು ಕಣ್ಣೊರೆಸಿಕೊಂಡಳು. ಗುರುತಿಲ್ಲದ ರಸದವನಿಗೂ, ನನ್ನ ಮಗಳಿಗೆ ಕಾಯಂ ಆಯಿತು ಎಂದು ಹೇಳಿದಳು. ಆಮೇಲೆ ಫೋನು ಅಕ್ಕನ ಕೈಗೆ ಬಂತು.

“ದೊಡ್ಡಮ್ಮ, ನೀನು ಅಂದಿದ್ದನ್ನ ಮ್ಯಾನೇಜರು ಒಂದಕ್ಷರ ಬಿಡದೆ ಎಲ್ಲರ ಮುಂದೆ ಹೇಳಿದ್ರು.”

ಮೇಟ್ರನಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. “ನಿನ್ನನ್ನ ಓಡಿಸ್ಲಿ ಅಂತ ಹೇಳಿದ್ದು,” ಎಂದರು.

“ಗೊತ್ತು. ಆದ್ರೂ ಉಪಕಾರ ಆಯ್ತಲ್ಲ.” ಮರಿಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ದಣಿವಿತ್ತು, ಮನೆಯ ಹುಡುಗಿಯ ಸಲಿಗೆಯಿತ್ತು. “ಟ್ರೇನಿಂಗಲ್ಲಿ ಉಳಿದೋರೆಲ್ಲ ಒದ್ದಾಡಿದ್ರು ದೊಡ್ಡಮ್ಮ. ಕನ್ನಡಿ ಮುಂದೆ ನಿಂತು ಕಲಿತ್ರು. ನನಗೆ ಕಲಿಯೋಕೆ ಏನೂ ಇರಲಿಲ್ಲ. ನೀನು ರೌಂಡ್ಸಿಗೆ ಹೋಗುವಾಗ ದಾದಿಯರನ್ನ ಹೇಗೆ ನೋಡ್ತಿದ್ದೆಯೋ, ಹಾಗೇ ನೋಡಿದೆ, ಅಷ್ಟೆ. ಅಮ್ಮನ ಕಾಲು ನೋಯ್ತಿರುತ್ತೆ, ನಡೆಸ್ಕೊಂಡು ಹೋಗಬೇಡ. ಇಡ್ತೀನಿ, ಗಿರಾಕಿ ಬಂದ್ರು.”

ಫೋನು ಸುಮ್ಮನಾಯಿತು. ಏನಂದಳು ಎಂದು ಪುಟ್ಟಿ ಕೇಳಿದಳು. ನಡೆಯಬೇಡಿ ಅಂದಳು ಎಂದಷ್ಟೇ ಹೇಳಿ ಮೇಟ್ರನಮ್ಮ ಅದೇ ಫೋನಿನಿಂದ ನರ್ಸಿಂಗ್ ಶಾಲೆಯ ಗೆಳತಿಗೆ ಕರೆ ಮಾಡಿದರು. ಹಿಡಿದಿಟ್ಟಿದ್ದ ಸೀಟನ್ನು ಬೇರೆ ಯಾರಿಗಾದರೂ ಕೊಡು ಎಂದರು. ಹುಡುಗಿ ಕೊನೆಗೂ ಒಪ್ಪಲಿಲ್ಲವೇ ಎಂದು ಗೆಳತಿ ನೊಂದುಕೊಂಡಳು. ಅವಳ ತರಬೇತಿ ಮನೆಯಲ್ಲೇ ಮುಗಿದುಹೋಗಿದೆಯಂತೆ ಎಂದು ಹೇಳಿ, ಇನ್ನೇನನ್ನೂ ಕೇಳಿಸಿಕೊಳ್ಳದೆ ಕರೆ ಮುಗಿಸಿದರು.

ರಸದವನು ಎರಡು ಲೋಟ ತೊಳೆದು, ಹೆಗಲ ಮೇಲಿನ ಬಟ್ಟೆಯಿಂದ ಒರೆಸುತ್ತಿದ್ದ. ಆ ಬಟ್ಟೆ ಬಿಳಿಯದೋ ಬೂದುಬಣ್ಣದ್ದೋ ಎಂದು ಹುಟ್ಟಿಸಿದವನಿಗೇ ಗೊತ್ತು. ಮೇಟ್ರನಮ್ಮನಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾರ ಮೇಲೆಂದು ತೀರ್ಮಾನವಾಗುವ ಮೊದಲೇ ಅವರು ತಲೆಯೆತ್ತಿ ಅವನನ್ನು ನೋಡಿದರು. ವಾರ್ಡುಗಳಿಗೆ ವಾರ್ಡುಗಳೇ ನಡುಗುತ್ತಿದ್ದ ನೋಟ. ಬಟ್ಟೆಯನ್ನು ನೋಡಿ, ಅವನ ಉಗುರನ್ನು ನೋಡಿ, ಅವನ ಭುಜ ದಾಟಿ ಹಿಂದಿನ ಕಿತ್ತಳೆ ರಾಶಿಯಲ್ಲಿ ಕಣ್ಣು ನಿಲ್ಲಿಸಿದರು.

ರಸದವನು ಒರೆಸುವುದನ್ನು ನಿಲ್ಲಿಸಿದ. ಬಗ್ಗಿ ಅವರ ಮುಖವನ್ನು ಹತ್ತಿರದಿಂದ ದಿಟ್ಟಿಸಿದ.

“ಕಣ್ಣಿಗೇನಾದ್ರೂ ಬಿತ್ತಾ ಅಮ್ಮ?” ಎಂದು ಕೇಳಿದ. “ಉಜ್ಜಬೇಡಿ, ತಡೀರಿ, ನೀರು ಕೊಡ್ತೀನಿ.”